ಎರಡೂಕಾಲು ಕಾಲಿನ ದೇಶ

ತಕ್ಕಡಿಯಮ್ಮ ತನ್ನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ತೂಗಿದ ಸೌದೆಯನ್ನೆಲ್ಲ ಒಂದರ ಮೇಲೊಂದು ಒಟ್ಟಿದ್ದರೆ ಚಂದ್ರನಿಗೆ ಏಣಿ ಹಾಕಬಹುದಿತ್ತು. ಮಿಕ್ಕಿದ್ದರಲ್ಲಿ ಅಲ್ಲೊಂದು ಅಟ್ಟವನ್ನೂ ಕಟ್ಟಬಹುದಿತ್ತು. ಈ ಲೆಕ್ಕ ಅವಳದೇ. ಹೇಳಿದಾಗಲೆಲ್ಲ ಅಟ್ಟಕ್ಕೆ ಒಂದು ಕೋಣೆ ಸೇರುತ್ತಿತ್ತು.

ಕೆಲಸವೇನೋ ಸರ್ಕಾರದ್ದು, ಇಂಧನ ಇಲಾಖೆಯದು. ಕೂಲಿ ಮಾತ್ರ ದಿನದ್ದು. ಹೆಗಲಿಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ನೇತುಹಾಕಿಕೊಂಡು ಬೆಳಿಗ್ಗೆ ಒಂದು ಮನೆಗೆ ನುಗ್ಗುವುದು, ಒಲೆಯ ಪಕ್ಕ ಇರುವ ಉರುವಲನ್ನು ತೂಗುವುದು, "ನಾಳೆವರೆಗೂ ಇದರಲ್ಲೇ ಉರಿಸಿ, ಬೇರೆ ತರಬೇಡಿ" ಎಂದು ಆಣೆ ಹಾಕಿಸುವುದು, ಮರುದಿನ ಅದೇ ಹೊತ್ತಿಗೆ ಬಂದು ಉಳಿದದ್ದನ್ನು ತೂಗುವುದು. ಕಳೆದರೆ ಸುಟ್ಟದ್ದು ಸಿಕ್ಕಿತು. ಅದನ್ನು ಕಾರ್ಡಿನಲ್ಲಿ ಬರೆಯುವುದು. ಅರವತ್ತು ಮನೆ, ವರ್ಷಕ್ಕೆ ನಾಲ್ಕು ಸುತ್ತು. ಹೀಗೆ ಊರೂರು ಸುತ್ತುವವರು ಹನ್ನೊಂದು ಹೆಂಗಸರಿದ್ದರು. ಮೊದಮೊದಲು ಜನ ಇವಳನ್ನು ತೆರಿಗೆಯವಳೆಂದು ತಿಳಿದು ಸೌದೆಯನ್ನು ಮಂಚದ ಕೆಳಗೆ ಬಚ್ಚಿಟ್ಟರು. ಐದನೆಯ ವರ್ಷಕ್ಕೆ ಬೀದಿ ನಾಯಿಗಳು ಬೊಗಳುವುದನ್ನು ಬಿಟ್ಟು ಎದ್ದು ದಾರಿ ಬಿಡತೊಡಗಿದವು. ಹತ್ತನೆಯ ವರ್ಷಕ್ಕೆ ಅವಳ ನಿಜವಾದ ಹೆಸರು ಅವಳ ಗಂಡನಿಗೂ ಮರೆತುಹೋಗಿತ್ತು.

ಈಗ ಅದೇ ಇಲಾಖೆಯ ಮೂರನೆಯ ಮಹಡಿಯಲ್ಲಿ ಮಗಳು ಅಂಕಿಅಂಶದ ಅಧಿಕಾರಿ. ಒಂದು ಚುಕ್ಕೆ ಆಚೀಚೆಯಾದರೂ ಕಡತವನ್ನು ವಾಪಸು ಕಳಿಸುವುದರಿಂದ ಕಚೇರಿಯವರು ಅವಳಿಗೆ ದಶಮಾಂಶ ಎಂದು ಹೆಸರಿಟ್ಟಿದ್ದರು. ತಾಯಿಗೆ ಆ ಹೆಸರು ಕೇಳಿದರೆ ಮೈಯೆಲ್ಲ ಹಿಗ್ಗು. "ನಾನು ಕೆಜಿ, ಇವಳು ದಶಮಾಂಶ. ನಾನಿಲ್ದೆ ಇವಳೆಲ್ಲಿಂದ ಬರ್ತಾಳೆ?" ಎಂದು ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ ಕೇಳುವಳು. ಅವರು ಮುಂದಿನ ನಿಲ್ದಾಣದಲ್ಲಿ ಇಳಿದುಹೋಗುವರು.

ಆ ಭಾನುವಾರ ಮಧ್ಯಾಹ್ನ ತಾಯಿ ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಇನ್ನೊಂದು ತುದಿಯಲ್ಲಿ ಮಗಳು ಲ್ಯಾಪ್‌ಟಾಪ್ ಬಿಚ್ಚಿಕೊಂಡು ಹಣೆ ಗಂಟು ಹಾಕಿಕೊಂಡಿದ್ದಳು.

"ಏನೇ ಅದು, ಅಷ್ಟು ಹೊತ್ತಿಂದ ಗುರಾಯಿಸ್ತಿದೀಯ? ಹೆದರ್ಕೊಂಡು ಮೊಟ್ಟೆ ಇಟ್ಬಿಡುತ್ತೆ ನೋಡು."

"ದೇಶ ಎಷ್ಟು ಕಾಲಿನ ಮೇಲೆ ನಿಂತಿದೆ ಅಂತ ಅಳೀತಿದೀನಮ್ಮ."

"ಯಾಕೆ, ಬೀಳೋ ಹಾಗಿದ್ಯಾ?"

ಮಗಳು ನಕ್ಕಳು. ತಾಯಿಗೆ ಹೇಳಿದರೆ ತನಗೂ ಸ್ಪಷ್ಟವಾಗುತ್ತದೆ ಎಂದು ಕುರ್ಚಿ ತಿರುಗಿಸಿ ಕೂತಳು. "ಒಂದು ಮನೇಲಿ ಸೌದೆ ಒಂದನ್ನೇ ಉರಿಸ್ತಾರೆ ಅಂತಿಟ್ಕೋ. ಮಳೆ ಬಂತು, ಸೌದೆ ನೆನೀತು. ಗತಿ?"

"ಗಂಡ ಹೆಂಡ್ತಿ ಜಗಳ."

"ಆಮೇಲೆ ಉಪವಾಸ. ಅದು ಒಂದೇ ಕಾಲಿನ ಮನೆ. ಇನ್ನೊಂದು ಮನೇಲಿ ನಾಲ್ಕು ತರ ಉರುವಲು, ನಾಲ್ಕೂ ಸಮಸಮ. ಒಂದು ಕೈಕೊಟ್ರೆ ಮೂರಿದೆ. ಅದು ನಾಲ್ಕು ಕಾಲಿನ ಮನೆ. ಆದ್ರೆ ನಾಲ್ಕು ತರ ಇಟ್ಕೊಂಡೂ ನೂರಕ್ಕೆ ತೊಂಬತ್ತು ಪಾಲು ಸೌದೆನೇ ಆದ್ರೆ ಹೆಸರಿಗೆ ನಾಲ್ಕು, ಲೆಕ್ಕಕ್ಕೆ ಬರೀ ಒಂದೂಕಾಲು. ಒಂದೊಂದರ ಪಾಲನ್ನ ಅದರಿಂದ್ಲೇ ಗುಣಿಸಿ, ಎಲ್ಲಾ ಕೂಡಿಸಿ, ಅದರಿಂದ ಒಂದನ್ನ ಭಾಗಿಸ್ಬೇಕು. ಹಾಗೇ ಇಡೀ ದೇಶಕ್ಕೆ, ನಲವತ್ತು ವರ್ಷಕ್ಕೆ, ವರ್ಷ ವರ್ಷಕ್ಕೆ."

"ಗುಣಾಕಾರ ನೀನಿಟ್ಕೋ, ನಂಗೆ ಕಾಲು ಸಾಕು. ನನ್ನ ಕಾಲದಲ್ಲಿ ಎಷ್ಟಿತ್ತು ಹೇಳು."

"ಎರಡೂಕಾಲು."

"ಎರಡೂ ಕಾಲು ಗಟ್ಟಿಯಾಗಿತ್ತು, ಸರಿ. ಎಷ್ಟು ಕಾಲು ಅಂದೆ?"

"ಅಯ್ಯೋ, ಎರಡೂಕಾಲು ಕಾಲು! ಎರಡು ಪೂರ್ತಿ ಕಾಲು, ಮೇಲೆ ಕಾಲು ಭಾಗ ಕಾಲು."

"ಆ ಕಾಲು ಕಾಲು ಯಾವ್ದೇ? ಹೆಬ್ಬೆಟ್ಟಾ?" ತಾಯಿ ಚಾಕುವನ್ನು ಹಾಗೇ ಹಿಡಿದುಕೊಂಡು ಎದ್ದು ಬಂದು ಪರದೆಯೊಳಗೆ ಇಣುಕಿದಳು. ಅಲ್ಲೊಂದು ಗೆರೆಯಿತ್ತು. ಇಪ್ಪತ್ತೆರಡು ವರ್ಷ ಚಾಪೆಯಂತೆ ನೆಲಕ್ಕೆ ಅಂಟಿಕೊಂಡೇ ಬಂದು, ಇಪ್ಪತ್ತಮೂರನೆಯ ವರ್ಷ ಒಮ್ಮೆಗೇ ಜಿಗಿದು ನಾಲ್ಕಕ್ಕೆ ಹತ್ತಿತ್ತು. ಆಮೇಲೆ ಹೊರಗಿನಿಂದ ತರಿಸಿದ ಗ್ಯಾಸೂ ಕಲ್ಲಿದ್ದಲೂ ಎಲ್ಲವನ್ನೂ ನುಂಗಿದ ಕಾಲಕ್ಕೆ ಮೂರಕ್ಕೆ ಇಳಿದು, ಬಿಸಿಲು ಗಾಳಿಯ ಕರೆಂಟು ಬಂದ ಮೇಲೆ ಮೆಲ್ಲಗೆ ನಾಲ್ಕೂಮುಕ್ಕಾಲಿಗೆ ಏರಿತ್ತು.

"ಈ ಜಿಗಿತ ಯಾವ ವರ್ಷದ್ದು?"

"ಈಗಿನ ನಿರ್ದೇಶಕರು ಹೊಸದಾಗಿ ಇಲಾಖೆಗೆ ಬಂದ ವರ್ಷ. ಮಹಾ ಜಿಗಿತ ಅಂತ ಹೆಸರಿಟ್ಟಿದಾರೆ."

"ಅದು ನಾನು ಕೆಲಸ ಬಿಟ್ಟ ವರ್ಷ ಕಣೇ!" ತಕ್ಕಡಿಯಮ್ಮನ ದನಿ ಹೇಗೆ ಏರಿತೆಂದರೆ ಪಕ್ಕದ ಮನೆಯ ನಲ್ಲಿ ತಾನಾಗಿ ನಿಂತಿತು. "ನಾನು ಆ ಕಡೆ ಹೋದ ತಕ್ಷಣ ದೇಶಕ್ಕೆ ಎರಡು ಕಾಲು ಹುಟ್ಬಿಡ್ತಾ? ನನ್ನ ಅರವತ್ತು ಮನೇಲಿ ಬೆರಣಿ ಇತ್ತು, ಇದ್ದಿಲಿತ್ತು, ಹೊಲದ ದಂಟಿತ್ತು, ಹೊಟ್ಟಿತ್ತು. ಒಂದೊಂದು ಮನೇಲಿ ಮೂರು ಒಲೆ! ಹೊಟ್ಟಿನ ಒಲೆ ಊದಿ ಊದಿ ಆ ಮೂಲೆಮನೆಯವಳ ಕೆನ್ನೆ ಸೋರೆಕಾಯಿ ಆಗಿತ್ತು. ಎರಡೂಕಾಲಂತೆ!"

"ರಿಜಿಸ್ಟರಲ್ಲಿ ಇಲ್ಲಮ್ಮ. ಬರೀ ಸೌದೆ. ನಂಗೂ ಅನುಮಾನ ಬಂದೇ ಹಳೆ ಕಾರ್ಡುಗಳ ಫೋಟೋ ತಂದೆ. ಒಂದು ಮನೇಲಿ ದಿನಕ್ಕೆ ಹದಿಮೂರು ಕೆಜಿ ಸೌದೆ. ಪಕ್ಕದ ಮನೇಲಿ ಅರ್ಧ ಕೆಜಿ. ಅರ್ಧ ಕೆಜಿಲಿ ನೀರೂ ಕಾಯಲ್ಲ. ನೋಡು, ಇದು ನಿನ್ನ ಕೈಬರಹನೇ ಅಲ್ವಾ?"

ತಾಯಿ ಕನ್ನಡಕ ಏರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದಳು. ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎಲಾ ಇವರ! ಇದು ಹದಿಮೂರಲ್ವೇ. ಮುಂದಿರೋದು ಒಂದಲ್ಲ, ಕಡ್ಡಿ. ಕಡ್ಡಿ ಅಂದ್ರೆ ದಂಟು. ದಂಟು ಮೂರು ಕೆಜಿ."

ನಡೆದದ್ದಿಷ್ಟು. ಕಾರ್ಡಿನಲ್ಲಿ 'ಉರುವಲು' ಎಂದು ಅಚ್ಚಾದ ಚೌಕ ಹೆಬ್ಬೆರಳ ಉಗುರಿನಷ್ಟಿತ್ತು. ಅದರಲ್ಲಿ ಹೆಸರು ಬರೆದರೆ ತೂಕಕ್ಕೆ ಜಾಗವಿಲ್ಲ. ಜೊತೆಗೆ ಹನ್ನೊಂದು ಹೆಂಗಸರಲ್ಲಿ ಆರು ಜನಕ್ಕೆ ಅಕ್ಷರವೆಂದರೆ ಹಲ್ಲುನೋವು. ತರಬೇತಿಯ ದಿನವೇ ಕಚೇರಿಯ ಮೆಟ್ಟಿಲ ಮೇಲೆ ಕೂತು ಎಲ್ಲರೂ ಗುರುತು ಮಾಡಿಕೊಂಡಿದ್ದರು. ಬರೀ ಅಂಕಿ ಇದ್ದರೆ ಸೌದೆ. ಮುಂದೆ ಕಡ್ಡಿ ಎಳೆದರೆ ದಂಟು. ಬೆರಣಿ ದುಂಡಗಿರುವುದರಿಂದ ಒಂದು ಸುತ್ತು. ಇದ್ದಿಲಿಗೆ ಕರಿ ಚುಕ್ಕೆ. ಹೊಟ್ಟಿಗೆ ಓರೆ ಗೆರೆ. ಮೇಲಿನವರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಚಿತ್ರ ನೋಡಿದರೆ ಮಗುವಿಗೂ ತಿಳಿಯುತ್ತದಲ್ಲ!

ಮೇಲೆ ಕೂತ ಗುಮಾಸ್ತ ಮಗುವಾಗಿರಲಿಲ್ಲ, ಓದಿದವನಾಗಿದ್ದ. ಕಡ್ಡಿಯನ್ನು ಒಂದು ಎಂದು ಓದಿದ; ಮೂರು ಕೆಜಿ ದಂಟು ಹದಿಮೂರು ಕೆಜಿ ಸೌದೆಯಾಯಿತು. ಚುಕ್ಕೆಯನ್ನು ದಶಮಾಂಶ ಎಂದು ಓದಿದ. ಐದು ಕೆಜಿ ಇದ್ದಿಲು ಅರ್ಧ ಕೆಜಿ ಸೌದೆಯಾಯಿತು. ಓರೆ ಗೆರೆ ಕಂಡಲ್ಲಿ ಹೊಡೆದುಹಾಕಿದ್ದಾರೆಂದು ಬಿಟ್ಟೇಬಿಟ್ಟ. ಸುತ್ತನ್ನು ಸೊನ್ನೆ ಎಂದುಕೊಂಡು ಬೆರಣಿಯನ್ನೂ ಸೌದೆಗೆ ಸೇರಿಸಿದ.

"ನನ್ನ ಬೆರಣಿ ಸೊನ್ನೆಯಾ?"

"ಅಂಕಿಯ ಮುಂದಿನ ಸೊನ್ನೆಗೆ ಬೆಲೆ ಇಲ್ಲಮ್ಮ," ಎಂದು ಮಗಳು ಬಾಯಿತಪ್ಪಿ ಅಂದುಬಿಟ್ಟಳು.

ತಾಯಿಯ ನಗು ನಿಂತಿತು. ಅವಳು ಮತ್ತೆ ಹುರುಳಿಕಾಯಿಯ ಮುಂದೆ ಹೋಗಿ ಕೂತಳು, ಹೆಚ್ಚಲಿಲ್ಲ. ಹೊಗೆ ಕುಡಿದು ಕುಡಿದು ಕೆಮ್ಮು ಹತ್ತಿಸಿಕೊಂಡ ಇಪ್ಪತ್ತೆರಡು ವರ್ಷ. ಮಗಳಿಗೆ ಜ್ವರವಿದ್ದ ದಿನವೂ ಮರುದಿನದ ತೂಕ ತಪ್ಪೀತೆಂದು ಓಡಿದ ಇಪ್ಪತ್ತೆರಡು ವರ್ಷ. ಅದೆಲ್ಲ ಒಬ್ಬ ಗುಮಾಸ್ತನ ಕನ್ನಡಕದೊಳಗೆ ಹೀಗೆ ಉಲ್ಟಾ ಆಗಿ ಕೂತಿತ್ತೆ?

"ಇದು ಅಚ್ಚಿಗೆ ಯಾವಾಗ ಹೋಗುತ್ತೆ?"

"ಗುರುವಾರ ಸಮಿತಿ ಮುಂದೆ ಓದ್ಬೇಕು. ಅವರು ಹ್ಞೂಂ ಅಂದ್ರೆ ಹೋಯ್ತು. ಆಮೇಲೆ ನಲವತ್ತು ವರ್ಷದ ಲೆಕ್ಕ ಅಂದ್ರೆ ಇದೇ ಪುಸ್ತಕ."

"ಹಾಗಾದ್ರೆ ನಾಳೆ ನಾನೂ ಬರ್ತೀನಿ. ನನ್ನ ಚಿತ್ರ ನಾನೇ ಓದ್ತೀನಿ. ಈ ಪುಸ್ತಕದಲ್ಲಿ ನನ್ನ ಕೆಲಸ ಕೆಲಸವಾಗೇ ಇರ್ಬೇಕು, ಇಲ್ದಿದ್ರೆ ನಾನು ಸತ್ತ ಮೇಲೂ ಬಂದು ನಿಮ್ಮ ಮೂರನೇ ಮಹಡೀಲಿ ಕೆಮ್ತೀನಿ."

ಕಡತಗಳ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿನ ಧೂಳು ಎಷ್ಟು ಹಳೆಯದೆಂದರೆ ಅದಕ್ಕೂ ಪಿಂಚಣಿ ಕೊಡಬಹುದಿತ್ತು. ಸೋಮವಾರದಿಂದ ಬುಧವಾರದವರೆಗೆ ತಕ್ಕಡಿಯಮ್ಮ ಕಟ್ಟು ಬಿಚ್ಚಿ ಗಟ್ಟಿಯಾಗಿ ಓದಿದಳು. ಮಗಳೂ ಕಚೇರಿಯ ಇಬ್ಬರು ಹುಡುಗಿಯರೂ ಟೈಪು ಮಾಡಿದರು. ಅವಳವು ಐದು ಸಾವಿರದ ಮೇಲೆ ಕಾರ್ಡು. ಉಳಿದ ಹತ್ತು ಜನರದ್ದರಲ್ಲಿ ವರ್ಷಕ್ಕೊಂದು ಕಟ್ಟು. ಮೂರು ದಿನಕ್ಕೆ ಅಷ್ಟೇ ಸಾಧ್ಯ. ಓದುವುದೆಂದರೆ ಬರೀ ಓದಲ್ಲ.

"ಬೆರಣಿ ನಾಲ್ಕು. ಇದು ಕೆಂಪು ಬಾಗಿಲ ಮನೆ. ಇವಳ ಅತ್ತೆ ಬೆರಣಿಯನ್ನ ಒಡವೆ ಹಾಗೆ ಎಣಿಸಿ ಕೊಡ್ತಿದ್ಳು. ಇದ್ದಿಲು ಐದು. ಇವನು ಇಸ್ತ್ರಿಯವನು, ನನ್ನ ಕಂಡ್ರೆ ತಕ್ಕಡಿಗೂ ಇಸ್ತ್ರಿ ಮಾಡ್ಲಾ ಅಂತಿದ್ದ. ಹೊಟ್ಟು ಎರಡು. ಬರ್ಕೊಂಡ್ಯೇನೇ?"

"ಅಜ್ಜೀ, ಇಸ್ತ್ರಿಯವನನ್ನ ಯಾವ ಕಾಲಮ್ಮಿಗೆ ಹಾಕ್ಲಿ?" ಎಂದು ಒಬ್ಬ ಹುಡುಗಿ ಕೇಳಿದಳು.

"ಅವನು ಯಾವ ಕಾಲಮ್ಮಿಗೂ ಬಗ್ಗೋನಲ್ಲ, ಬಿಡು."

ಮಂಗಳವಾರ ಸಂಜೆ ನಿರ್ದೇಶಕರು ಮೆಟ್ಟಿಲಿಳಿದು ಬಂದರು. ಐವತ್ತರ ಆಸುಪಾಸು, ಬಿಳಿ ಅಂಗಿ, ಕಡಿಮೆ ಮಾತು. ಒಂದು ಕಾರ್ಡನ್ನು ಎತ್ತಿ ಬಹಳ ಹೊತ್ತು ನೋಡಿದರು. ಹಾಗೇ ಇಟ್ಟು ಮೇಲೆ ಹೋದರು. "ಜಿಗಿತ ಹೋಗುತ್ತಲ್ಲ, ಹೊಟ್ಟೆ ಉರಿ. ಅದನ್ನ ಯಾವ ತಕ್ಕಡೀಲಿ ತೂಗ್ತೀಯ?" ಎಂದಳು ತಾಯಿ. ಮಗಳು ಶ್ ಎಂದಳು.

ಬುಧವಾರ ಮಧ್ಯಾಹ್ನ ಹದಿನೇಳನೆಯ ವರ್ಷದ ಎರಡನೆಯ ಸುತ್ತಿನ ಕಟ್ಟು ಬಿಚ್ಚಿತು. ತಕ್ಕಡಿಯಮ್ಮನ ಬೆರಳು ತಡೆಯಿತು. ಉಳಿದ ಕಾರ್ಡುಗಳಲ್ಲೆಲ್ಲ ಮಸಿಯ ಹೆಬ್ಬೆಟ್ಟು, ಬೂದಿಯ ಕಲೆ, ಯಾರದೋ ಮನೆಯ ಎಣ್ಣೆ. ಈ ಅರವತ್ತು ಮಾತ್ರ ಮದುಮಗಳ ಹಾಗೆ ಬೆಳ್ಳಗಿದ್ದವು. ಅಕ್ಷರ ಒಂದೇ ಸಮ. ಅವಳಿಗೆ ಗೊತ್ತಾಯಿತು. ಆಸ್ಪತ್ರೆಯ ಬೆಂಚು ಕಣ್ಣ ಮುಂದೆ ಬಂತು.

"ಏನಮ್ಮ, ಓದು."

ತಕ್ಕಡಿಯಮ್ಮ ಓದಿದಳು. ಕತೆ ಹೇಳದೆ, ತಮಾಷೆ ಮಾಡದೆ, ಅರವತ್ತನ್ನೂ ಉಸಿರು ಬಿಡದೆ ಓದಿ ಮುಗಿಸಿದಳು. ಹುಡುಗಿಯರು ಅಜ್ಜಿಗೆ ಸುಸ್ತಾಗಿದೆ ಎಂದುಕೊಂಡರು. ಐದು ಸಾವಿರದಲ್ಲಿ ಅರವತ್ತು ಯಾರಿಗೆ ಕಾಣುತ್ತದೆ ಎಂದು ಅವಳ ಒಂದು ಮನಸ್ಸು. ಕಂಡರೆ ಐದು ಸಾವಿರವೂ ಹೋಯಿತಲ್ಲ ಎಂದು ಇನ್ನೊಂದು. ಹೇಳಿಬಿಡಲೆ? ಈಗಷ್ಟೇ ಕೆಲಸಕ್ಕೆ ಬೆಲೆ ಬರುತ್ತಿದೆ. ತಾನೇ ಅದರ ಮೇಲೆ ನೀರು ಸುರಿಯುವುದೆ?

ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕ ಕೂತವರು ಕೊನೆಯ ನಿಲ್ದಾಣದವರೆಗೂ ನೆಮ್ಮದಿಯಾಗಿ ಕೂತಿದ್ದರು. ತಕ್ಕಡಿಯಮ್ಮ ಒಂದು ಮಾತೂ ಆಡಿರಲಿಲ್ಲ.

ಸಮಿತಿಯ ಕೋಣೆಯಲ್ಲಿ ಉದ್ದ ಮೇಜು, ಏಳು ಜನ. ಅಧ್ಯಕ್ಷೆ ಒಂದು ಕಾಲಕ್ಕೆ ವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರ್ ಆಗಿದ್ದವರು. ನರೆತ ಕೂದಲು, ನೋಟ ಸ್ಕ್ರೂಡ್ರೈವರಿನಂಥದು. ತಾಯಿಯನ್ನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಮಗಳು ಎದ್ದು ಹೊಸ ಗೆರೆಯನ್ನು ತೋರಿಸಿದಳು. ಚಾಪೆ ಹೋಗಿತ್ತು, ಜಿಗಿತವೂ ಹೋಗಿತ್ತು. ನಾಲ್ಕೂವರೆಯಿಂದ ಶುರುವಾದ ಗೆರೆ ನಿಧಾನವಾಗಿ ಮೂರಕ್ಕೆ ಇಳಿದು, ಅಷ್ಟೇ ನಿಧಾನವಾಗಿ ಮತ್ತೆ ಏರುತ್ತಿತ್ತು.

"ಹಳೆಯ ಕಾಲದಲ್ಲಿ ದೇಶ ಎರಡೂಕಾಲು ಕಾಲಿನದ್ದಾಗಿರ್ಲಿಲ್ಲ," ಎಂದಳು ಮಗಳು. "ಬಡತನ ಇತ್ತು, ಹೊಗೆ ಇತ್ತು. ಆದ್ರೆ ಕಾಲು ನಾಲ್ಕೂವರೆ ಇತ್ತು. ಮಧ್ಯದಲ್ಲಿ ಕಳ್ಕೊಂಡ್ವಿ. ಈಗ ಬೇರೆ ಕಾಲು ಬರ್ತಿವೆ. ನಾವು ಮೊದಲ ಸಲ ಏರ್ತಿಲ್ಲ, ವಾಪಸ್ ಏರ್ತಿದೀವಿ."

ತಾಯಿಗೆ ಕುರ್ಚಿ ಸಾಲದಾಯಿತು. ಇವಳಿಗೆ ಮಾತು ಕಲಿಸಿದ್ದು ತಾನೇ ಅಲ್ಲವೆ! ಎದೆ ಹೇಗೆ ಉಬ್ಬಿತೆಂದರೆ ರವಿಕೆಯ ಒಂದು ಗುಂಡಿ ಕೈಮುಗಿದು ಕಿತ್ತುಹೋಯಿತು.

ಅಧ್ಯಕ್ಷೆ ಹಾಳೆ ತಿರುಗಿಸಿದರು. "ಗುರುತುಗಳನ್ನ ಓದಿದ್ದು ಯಾರು?"

"ನಮ್ಮ ತಾಯಿ."

"ತೂಗಿದ್ದು?"

"ಅವರೇ, ಮತ್ತೆ ಹತ್ತು ಜನ."

"ಅಂದ್ರೆ ತಾಯಿ ತೂಗಿದ್ದು, ತಾಯಿ ಓದಿದ್ದು, ಮಗಳು ಬರೆದದ್ದು. ಮನೆ ಮಟ್ಟಿಗೆ ಚೆನ್ನಾಗಿದೆ. ಆದ್ರೆ ಇದನ್ನ ದೇಶ ಯಾಕೆ ನಂಬಬೇಕು?"

ಮಗಳ ಮುಖ ಕೆಂಪಾಯಿತು. ಹಾಳೆಗಳನ್ನು ತಿರುವತೊಡಗಿದಳು. ಅಷ್ಟರಲ್ಲಿ ಗೋಡೆಯ ಪಕ್ಕದಿಂದ ಕುರ್ಚಿ ಕಿರ್ ಎಂದಿತು.

"ಎಲ್ಲಾ ನಂಬಬೇಡಿ ತಾಯೀ," ಎಂದಳು ತಕ್ಕಡಿಯಮ್ಮ. ನಿಂತಿದ್ದಳು, ಮೇಜಿನ ಅಂಚು ಹಿಡಿದುಕೊಂಡಿದ್ದಳು. "ಒಂದು ಸುತ್ತು ಸುಳ್ಳು. ಹದಿನೇಳನೇ ವರ್ಷ, ಎರಡನೇ ಸುತ್ತು. ಇವಳಪ್ಪ ಆಸ್ಪತ್ರೇಲಿ ಮಲಗಿದ್ರು. ಬೆಂಚಿನ ಮೇಲೆ ಕೂತು ಅರವತ್ತೂ ಮನೇದನ್ನ ಅಂದಾಜಲ್ಲಿ ಬರ್ದೆ. ಕೂಲಿ ತಪ್ಪಿಹೋಗುತ್ತಲ್ಲ ಅಂತ. ಒಂದು ಮನೆಗೂ ಹೋಗಿಲ್ಲ. ನಿನ್ನೆ ಅದನ್ನೂ ಇವಳಿಗೆ ಓದಿ ಬರೆಸ್ದೆ. ಇವಳಿಗೆ ಗೊತ್ತಿಲ್ಲ."

ಮಗಳು "ಅಮ್ಮಾ" ಎಂದಳು.

"ಎಂಬತ್ತೆಂಟು ಸುತ್ತು ತಾಯೀ. ಎಂಬತ್ತೇಳು ಕೈಯಾರೆ ತೂಗಿದ್ದು. ಅದಕ್ಕೆ ಬೇಕಾದ್ರೆ ಸುಡೋ ಇದ್ದಿಲನ್ನ ಕೈಯಲ್ಲಿ ಹಿಡಿದು ಹೇಳ್ತೀನಿ. ಆ ಒಂದನ್ನ ತೆಗೀರಿ. ಅದೊಂದಕ್ಕೆ ಎಲ್ಲಾನೂ ತೆಗೀತೀರಾದ್ರೆ, ಅದು ನಿಮ್ಮಿಷ್ಟ."

ಅಧ್ಯಕ್ಷೆ ಆ ಕಟ್ಟನ್ನು ತರಿಸಿದರು. ಅದರ ಹಿಂದಿನ ಸುತ್ತಿನದನ್ನೂ ತರಿಸಿ ಎರಡನ್ನೂ ಪಕ್ಕಪಕ್ಕ ಹರಡಿದರು. ಒಂದು ಮಸಿ ಹಿಡಿದ ಬಾಣಲೆ, ಇನ್ನೊಂದು ತೊಳೆದ ತಟ್ಟೆ. ಯಾರೂ ವಿವರಿಸಬೇಕಾಗಿರಲಿಲ್ಲ. ಆಮೇಲೆ ಅವರು ಬೇರೆ ಬೇರೆ ವರ್ಷದ ಆರು ಕಟ್ಟು ತಾವೇ ಆರಿಸಿ ನೋಡಿದರು. ಆರೂ ಬಾಣಲೆಗಳೇ.

"ಆ ಸುತ್ತು ತೆಗೆದ್ರೆ ಗೆರೆ ಎಷ್ಟು ಅಲುಗುತ್ತೆ?"

ಮಗಳು ಅಲ್ಲೇ ತೆಗೆದು ಲೆಕ್ಕ ಹಾಕಿದಳು. "ಆ ವರ್ಷ ಎರಡನೇ ದಶಮಾಂಶದಲ್ಲಿ ಒಂದು ಅಂಕಿ ಇಳೀತು. ಅಷ್ಟೇ."

"ತಾನಾಗಿ ಸುಳ್ಳು ತೋರಿಸಿಕೊಟ್ಟ ದಾಖಲೆಯನ್ನ ನಾನು ನನ್ನ ಸರ್ವೀಸಲ್ಲಿ ನೋಡಿಲ್ಲ," ಎಂದರು ಅಧ್ಯಕ್ಷೆ. ಆಮೇಲೆ ಪಕ್ಕಕ್ಕೆ ತಿರುಗಿದರು. "ನಿರ್ದೇಶಕರೇ, ನಿಮ್ಮ ಜಿಗಿತ ಹೋಯ್ತಲ್ಲ?"

ನಿರ್ದೇಶಕರು ಪೆನ್ನಿನ ಟೋಪಿ ಹಾಕಿದರು, ತೆಗೆದರು. "ನಾನು ಬಂದ ವರ್ಷ ಹೊಸ ಕಾರ್ಡು ಮಾಡಿಸ್ದೆ. ಒಂದೊಂದು ಉರುವಲಿಗೂ ಒಂದೊಂದು ಚೌಕ. ದೇಶ ಬದಲಾಯ್ತು ಅಂದ್ಕೊಂಡಿದ್ದೆ. ಬದಲಾಗಿದ್ದು ಕಾಗದ." ಮತ್ತೆ ಟೋಪಿ ಹಾಕಿ, "ಆದ್ರೆ ಕಾಗದ ಚೆನ್ನಾಗಿ ಮಾಡಿಸಿದ್ದೆ," ಎಂದರು. ಮೊದಲು ನಕ್ಕವರು ಅವರೇ. ಮಂಗಳವಾರ ತಾನಾಡಿದ ಹೊಟ್ಟೆ ಉರಿಯ ಮಾತನ್ನು ತಕ್ಕಡಿಯಮ್ಮ ಒಳಗೊಳಗೇ ವಾಪಸು ತೆಗೆದುಕೊಂಡಳು. ಪೂರ್ತಿಯಲ್ಲ, ಮುಕ್ಕಾಲು ಪಾಲು.

ತಕ್ಕಡಿಯಮ್ಮನಿಗೆ ಮೇಜಿನ ಹತ್ತಿರವೇ ಕುರ್ಚಿ ಹಾಕಿಸಿ ಸಮಿತಿ ಹ್ಞೂಂ ಎಂದಿತು. ಹೊಸ ಗೆರೆಯೇ ಅಚ್ಚಿಗೆ ಹೋಗಬೇಕು, ತೂಗಿದವರೆಲ್ಲರ ಹೆಸರು ಮೊದಲ ಪುಟದಲ್ಲಿ ಬರಬೇಕು. ಒಂದೇ ಷರತ್ತು: ಅಚ್ಚಿಗೆ ಮೊದಲು ಉಳಿದ ಹತ್ತು ಜನರಲ್ಲಿ ಬದುಕಿರುವವರು ಬಂದು ತಮ್ಮ ತಮ್ಮ ಕಾರ್ಡು ಓದಿ, ಅಂದಾಜಲ್ಲಿ ಬರೆದದ್ದಿದ್ದರೆ ಹೇಳಬೇಕು. ಅವರನ್ನು ಹುಡುಕಿ ಕರೆತರುವ ಕೆಲಸ ತಕ್ಕಡಿಯಮ್ಮನದು. ಕೂಲಿಯಲ್ಲ, ಗೌರವಧನ. ಆ ಮಾತನ್ನು ಅವಳು ಎರಡು ಸಲ ಹೇಳಿಸಿದಳು, ಕಿವಿ ಕೇಳಿಸುವುದಿಲ್ಲವೆಂದು ಸುಳ್ಳು ಹೇಳಿ.

ಹೊರಗೆ ಕಾರಿಡಾರಿನಲ್ಲಿ ಮಗಳು ತಾಯಿಯ ಕೈ ಹಿಡಿದುಕೊಂಡಳು. "ನಂಗೆ ಮೊದ್ಲೇ ಹೇಳ್ಬಾರ್ದಿತ್ತಾ?"

"ನೀನು ದಶಮಾಂಶ. ನಿಂಗೆ ಹೇಳಿದ್ರೆ ಅಲ್ಲೇ ಕಡತ ವಾಪಸ್ ಮಾಡ್ತಿದ್ದೆ," ಎಂದಳು ತಾಯಿ. ಮಗಳ ಕಣ್ಣು ತುಂಬಿದ್ದನ್ನು ನೋಡಿ, "ಎಷ್ಟು ಚೆನ್ನಾಗಿ ಮಾತಾಡ್ದೆ ಕಣೇ. ನಿಮ್ಮಪ್ಪ ಇದ್ದಿದ್ರೆ ಇಡೀ ಆಸ್ಪತ್ರೆನೇ ಎದ್ದು ಕೂರೋ ಹಾಗೆ ಚಪ್ಪಾಳೆ ಹೊಡೀತಿದ್ರು," ಎಂದಳು. ಆಮೇಲೆ ಮಗಳ ಫೋನು ಕಿತ್ತುಕೊಂಡು, ಬಾಯಿಪಾಠವಿದ್ದ ಹಳೆಯ ಜೊತೆಗಾತಿಯೊಬ್ಬಳ ನಂಬರನ್ನು ಒತ್ತಿದಳು. ಅವಳಿಗೆ ಫೋನಿನಲ್ಲಿ ಮಾತಾಡಲು ಫೋನು ಬೇಕಾಗಿರಲಿಲ್ಲ. ಮೂರೂ ಮಹಡಿಗೆ ಕೇಳುತ್ತಿತ್ತು.

"ಯಾರೇ ಅದು? ನಾನೇ, ತಕ್ಕಡಿ. ಇನ್ನೂ ಬದುಕಿದೀಯಾ? ಸದ್ಯ. ಸೋಮವಾರ ಕಚೇರಿಗೆ ಬಾ, ಕನ್ನಡಕ ತಗೊಂಡ್ಬಾ. ನಮ್ಮ ಹೆಸರು ಪುಸ್ತಕದಲ್ಲಿ ಬರುತ್ತೆ ಕಣೇ, ಮೊದಲ ಪುಟದಲ್ಲೇ! ಇಲ್ಲಾ, ತಮಾಷೆ ಅಲ್ಲ. ಕೇಳಿಲ್ಲಿ, ಎಲ್ಲೆಲ್ಲಿ ಮನೇಲೇ ಕೂತು ಬರ್ದೆ ಅಂತ ಈಗ್ಲೇ ನೆನೆಸ್ಕೊಂಡು ಬಾ. ಹೆದರ್ಕೋಬೇಡ. ನಾನು ಹೇಳ್ದೆ, ಏನಾಯ್ತು? ಗೋಡೆ ಪಕ್ಕ ಕೂರ್ಸಿದ್ದೋರು ಮೇಜಿನ ಹತ್ರ ಕುರ್ಚಿ ಹಾಕಿದ್ರು... ಎಷ್ಟು? ಮೂರು ಸುತ್ತಾ? ಅಯ್ಯೋ ಪಾಪಿ, ನಾನು ಒಂದೇ!"